ವಿಭೂತಿ ಒರೆಸಿದವಳು

ಹೊರಗಿನಿಂದ ಕೊಂಡಿ ಹಾಕಿದ ಸದ್ದಾಯಿತು. "ಗಾಳಿಗೆ ಬಾಗಲಾ ಬಡಕೋತದ ವಿದ್ಯಾ, ಅದಕ್ಕ ಹಾಕೀನಿ. ಮತ್ತೇನ ತಿಳಕೋಬ್ಯಾಡ," ಎಂದು ಸುನಿತಾ ವೈನಿಯ ದನಿ ಬಂತು. ವಿದ್ಯಾವತಿ ಗೊಬ್ಬರದ ಚೀಲದ ಮೇಲೆ ಕೂತು ಕಿಟಕಿಯಾಚೆ ನೋಡಿದಳು. ಅಂಗಳದ ಬೇವಿನ ಗಿಡದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಎಂಥ ಗಾಳಿ, ಯಾವೂರ ಗಾಳಿ! ಈ ಮನೆಯವರು ಸುಳ್ಳು ಹೇಳುವುದನ್ನೂ ನೆಟ್ಟಗೆ ಕಲಿಯಲಿಲ್ಲ. ಬೀಗರ ಎದುರಿಗೆ ನೀನು ಬರುವುದು ಬೇಡ, ನಿನ್ನ ಮುಖ ನಮಗೆ ನಾಚಿಕೆ ಎಂದು ನೇರ ಹೇಳಿದ್ದರೆ ಅಣ್ಣನ ಹೆಂಡತಿಯ ಮೇಲೆ ಒಂದಿಷ್ಟು ಗೌರವವಾದರೂ ಉಳಿಯುತ್ತಿತ್ತು. ಬಾಗಿಲಿಗೆ ಒಳಗಡೆಯೂ ಒಂದು ಚಿಲಕವಿತ್ತು, ಯಾರೂ ಬಳಸದೆ ತುಕ್ಕು ಹಿಡಿದಿತ್ತು. ಅಣ್ಣನ ಅಂಗಡಿಯಲ್ಲಿ ಹಿಡಿಸದ ಮಾಲೆಲ್ಲ ಈ ಹಿಂದಿನ ಕೋಣೆಗೆ ಬಂದು ಬೀಳುತ್ತದೆ, ಯೂರಿಯಾ, ಹನಿ ನೀರಾವರಿಯ ಪೈಪು, ಗಂಡ ಬಿಟ್ಟ ತಂಗಿ. ಮುಚ್ಚಂಡಿಯಿಂದ ಗಂಡಿನ ಕಡೆಯವರು ಅಣ್ಣನ ಮಗಳು ಸೃಷ್ಟಿಯನ್ನು ನೋಡಲು ಬರುತ್ತಿದ್ದರು. ನೋಡಿ ಒಪ್ಪಿದರೆ ಇವತ್ತೇ ತಾವು ತಂದ ಸೀರೆ ಉಡಿಸಿ, ಬಾಯಿಗೆ ಸಕ್ಕರೆ ಹಾಕಿ, ಹುಡುಗಿಯ ಉಡಿ ತುಂಬಿ ಹೋಗುವವರು. ಉಡಿಯಲ್ಲಿ ಕಾಯಿ ಬಿದ್ದರೆ ಮಾತು ಮುಗಿದ ಹಾಗೆ. ಆಮೇಲೆ ಅದನ್ನು ಮುರಿದ ಮನೆಯವರು ಈ ಸಂಖ ಊರಿನ ಬಜಾರದಲ್ಲಿ ಮುಖ ಎತ್ತಿ ತಿರುಗುವಂತಿಲ್ಲ. ಅಷ್ಟರೊಳಗೆ ಅಣ್ಣನ ಈ ಒಬ್ಬಳೇ ಮಗಳಿಗೆ ಒಂದು ಮಾತು ಹೇಳಲೇಬೇಕಾಗಿತ್ತು. ಬೆಳಿಗ್ಗೆ ನೆರಿಗೆಗೆ ಪಿನ್ನು ಹಾಕಿಸಿಕೊಳ್ಳಲು ಹುಡುಗಿ ಈ ಕೋಣೆಗೇ ಬಂದಿದ್ದಳು. "ಅತ್ತಿ, ಸೀರಿ ಅಂಚು ಕುತಗಿಗೆ ಚುಚ್ಚತದ," ಎಂದಳು. ವಿದ್ಯಾವತಿ ಹಳೆಯ ಧೋತರದ ಪಟ್ಟಿ ಹರಿದು ಅಂಚಿನ ಒಳಗೆ ಇಟ್ಟು ಮಡಚಿದಳು, ತಾನೂ ಹಾಗೇ ಮಾಡಿಕೊಂಡು ಮದುವೆಯಾದವಳು. ಈಗ ಹೇಳಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ವೈನಿ ಪೌಡರಿನ ಡಬ್ಬಿ ಹಿಡಿದು ಬಂದಳು, ಬಾಯಿ ಮುಚ್ಚಿತು. ಥೂ ನಿನ್ನ, ಎಂದು ವಿದ್ಯಾವತಿ ತನಗೇ ಹೇಳಿಕೊಂಡಳು. ಉಳಿದವರನ್ನೆಲ್ಲ ಹೇಡಿಗಳು ಎಂದು ಬೈಯುತ್ತಾ ಕೂತವಳು ಒಂದು ಪೌಡರಿನ ಡಬ್ಬಿಗೆ ಅಂಜಿದ್ದಳು.

ಕೆಲವು ವಾರಗಳಿಂದ ಸೃಷ್ಟಿಗೆ ತಾಲೀಮು ನಡೆದಿತ್ತು. ತಾಲೀಮು ಕೊಟ್ಟವಳು ಕೋಣೆಯಲ್ಲಿ ಹಾಕಿಟ್ಟ ಇದೇ ಹೆಂಗಸು. "ನಿನ್ನ ಮಾತ ಆಕಿ ಕೇಳ್ತಾಳ. ನೀವಿಬ್ರೂ ಹೆಂಗೋ ಒಬ್ಬರಿಗೊಬ್ಬರು ತಿಳೀತೀರಿ. ಚೂರು ನಗೂದು, ಮಂದಿ ಕೂಡ ಮಾತಾಡೂದು ಕಲಿಸು," ಎಂದು ಅಣ್ಣ ಶಿವಶರಣ ಹೇಳಿದ್ದ. ಹೆಂಗೋ ಅಂತೆ! ಆ 'ಹೆಂಗೋ' ಎಂಬುದನ್ನು ಬಿಚ್ಚಿ ಒಳಗೇನಿದೆ ಎಂದು ನೋಡುವ ಎದೆಗಾರಿಕೆ ಅವನಿಗೆ ಎಲ್ಲಿಂದ ಬರಬೇಕು? ಸೃಷ್ಟಿ ಜತ್ತದಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಕುಕ್ಕರು ಕೂಗಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ನಮ್ಮನಿಗೆ ಯಾಕ ಬರಾಂಗಿಲ್ಲ ತಂಗಿ ಎಂದು ಓಣಿಯ ಹೆಂಗಸು ಕೇಳಿದರೆ, ನಿಮ್ಮ ಮನ್ಯಾಗ ವಾಸನಿ ಬರ್ತದ ಎಂದುಬಿಡುತ್ತಿದ್ದಳು, ವಾಸನೆ ಬರುತ್ತಿದ್ದದ್ದು ಖರೆಯೇ. ಸಂಜೆ ಮಾಳಿಗೆ ಹತ್ತಿ ಗುಡ್ಡದ ಮೇಲಿನ ಕರೆಂಟಿನ ಗಾಳಿಪಂಖಗಳನ್ನು ನೋಡುತ್ತಾ ನಿಂತರೆ ಯಾವುದು ತಿರುಗುತ್ತಿದೆ, ಯಾವುದು ನಿಂತಿದೆ ಎಂದು ಕೇಳದಿದ್ದರೂ ಹೇಳುವಳು. ಖುಷಿಯಾದರೆ ಗಂಟಲಲ್ಲಿ ಒಂದೇ ಸಮ ಗುಂಯ್ ಎನ್ನುತ್ತಿದ್ದಳು. ಮನೆಯಲ್ಲಿ ಇದಕ್ಕೆ ಶಾಣ್ಯಾಕಿ, ಆದ್ರ ಚೂರು ಮಬ್ಬು ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದರು. ವಿದ್ಯಾವತಿ ಕಲಿಸಿದಳು. ಎದುರಿನವರ ಕಣ್ಣೊಳಗೆ ನೋಡಲು ಆಗದಿದ್ದರೆ ಹುಬ್ಬುಗಳ ನಡುವೆ ನೋಡು, ಅವರಿಗೆ ಗೊತ್ತಾಗುವುದಿಲ್ಲ, ಅಷ್ಟು ಚುರುಕು ಯಾರಿಗೂ ಇಲ್ಲ. ಅವರು ನಕ್ಕ ಮೇಲೆ ನಗು, ಅವರು ನಿಲ್ಲಿಸುವ ಮೊದಲು ನಿಲ್ಲಿಸು. ಮೊದಲು ತುಟಿ, ಆಮೇಲೆ ಕಣ್ಣು ಸಣ್ಣ ಮಾಡು. ಕಿವಿ ಮುಚ್ಚಬೇಕು ಅನ್ನಿಸಿದರೆ ಸೆರಗಿನೊಳಗೆ ಹೆಬ್ಬೆರಳಿನ ಉಗುರಿನಿಂದ ಬೆರಳು ಒತ್ತಿಕೋ. ಕೊನೆಗೆ ನೀವು ಸುಸ್ತಾಗಿರಬೇಕು ಎಂದು ಕೇಳು, ಉತ್ತರ ಬೇಕಿರದಿದ್ದರೂ ಕೇಳು. ಹುಡುಗಿ ಮಗ್ಗಿ ಕಲಿತ ಹಾಗೆ ಕಲಿತಳು. ವಿದ್ಯಾವತಿ ಇದನ್ನೆಲ್ಲ ಯಾರಿಂದ ಕಲಿತಿದ್ದಳು? ಸೊರಡಿಯಲ್ಲಿ ಗಂಡನ ಮನೆಯ ಪಕ್ಕದ ಮನಿಷಾಬಾಯಿಯಿಂದ ನಗು, ಬಳೆಗಾರತಿಯಿಂದ ಮಾತಿನ ನಡುವೆ ಹೌದಲ್ರಿ ಎನ್ನುವುದು, ಟೀವಿಯ ಧಾರಾವಾಹಿಯ ಸೊಸೆಯಿಂದ ತಲೆ ಓರೆ ಮಾಡುವುದು. ಒಂದೊಂದು ಮನೆಯಿಂದ ಒಂದೊಂದು ತುಂಡು ಬೇಡಿ ತಂದು ಹೊಲಿದ ಕವದಿಯಂಥ ಹೆಂಗಸು. "ಈಗ ಮನಶ್ಯಾರ ಹಂಗ ಆದಿ ನೋಡು," ಎಂದು ಗಂಡ ಈಶ್ವರ ಮೆಚ್ಚಿದ್ದ. ಅವನ ಮೆಚ್ಚುಗೆಗೆ ಬೆಂಕಿ ಹಾಕ! ಸಂಜೆಯ ಹೊತ್ತಿಗೆ ದವಡೆ ನೋಯುತ್ತಿತ್ತು. ಅಡುಗೆಮನೆಯ ಮೂಲೆಯ ಜೋಳದ ಕಣಜದ ಬಾಯಿಯೊಳಗೆ ಮುಖವಿಟ್ಟು ಆ ಕತ್ತಲಲ್ಲಿ, ಆ ಒಣ ಜೋಳದ ವಾಸನೆಯಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದಳು. ಅವಳು ಹಾಗೆ ನಿಂತದ್ದನ್ನು ನೋಡಿಯೂ ಏನೂ ಕೇಳದೆ ಹೋದವಳು ಆ ಮನೆಯಲ್ಲಿ ಅತ್ತೆ ಸಿದ್ದಲಿಂಗವ್ವ ಒಬ್ಬಳೇ.

ಸಿದ್ದಲಿಂಗವ್ವ ದಿನಾ ಸ್ನಾನ ಮಾಡಿ ಕನ್ನಡಿಯ ಮುಂದೆ ಕೂತು ಮೂರು ಬೆರಳಿನಿಂದ ವಿಭೂತಿ ಧರಿಸುವುದನ್ನು ನೋಡಬೇಕಾಗಿತ್ತು. ಗೆರೆ ಕೂದಲೆಳೆಯಷ್ಟು ಓರೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚುವಳು. ಚಹಾ ಆರಿ ಹೋಗಲಿ, ಮಗ ಕೂಗಲಿ, ಗೆರೆ ನೆಟ್ಟಗಾಗದೆ ಏಳುತ್ತಿರಲಿಲ್ಲ. ವಿದ್ಯಾವತಿ ಪಕ್ಕದಲ್ಲಿ ಬಟ್ಟೆ ಹಿಡಿದು ಕೂತಿರುತ್ತಿದ್ದಳು, ಇಬ್ಬರೂ ಮಾತಾಡುತ್ತಿರಲಿಲ್ಲ, ಅದು ದಿನದಲ್ಲೇ ಒಳ್ಳೆಯ ಹೊತ್ತಾಗಿತ್ತು. ಆ ಮುದುಕಿ ಸತ್ತಾಗ ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು, ಹೊಸ ಸೀರೆ ಉಡಿಸಿ ಹೂವು ಹಾಕಿದರು, ಮುಂದೆ ಭಜನೆಯವರು ಕೂತರು. ಹಣೆಗೆ ವಿಭೂತಿ ಹಚ್ಚಿದವನು ಬೆಳಿಗ್ಗೆಯೇ ಕುಡಿದು ಬಂದ ಯಾವನೋ ಸಂಬಂಧಿ. ಮೂರು ಗೆರೆ ಮೂರು ದಿಕ್ಕಿಗೆ ಓಡಿದ್ದವು, ನಡುವಿನದಂತೂ ಹುಬ್ಬಿನ ಮೇಲೆ ಇಳಿದಿತ್ತು. ಮಂದಿ ಬಂದರು, ಕೈ ಮುಗಿದರು, ಅತ್ತರು. ಯಾರ ಕಣ್ಣಿಗೂ ಅದು ಕಾಣಲಿಲ್ಲ. ವಿದ್ಯಾವತಿಗೆ ಬೇರೆ ಏನೂ ಕಾಣಲಿಲ್ಲ. ಇವರೆಲ್ಲ ಅಳುತ್ತಿರುವುದು ಯಾರಿಗಾಗಿ, ಈಕೆ ಯಾರೆಂಬುದೇ ಇವರಿಗೆ ಗೊತ್ತಿಲ್ಲವಲ್ಲ ಎಂದುಕೊಂಡಳು. ಎದ್ದಳು, ಒದ್ದೆ ಬಟ್ಟೆ ತಂದಳು, ಭಜನೆ ನಡೆದಿರುವಾಗಲೇ ಅತ್ತೆಯ ಹಣೆ ಒರೆಸಿದಳು. ಮತ್ತೆ ಹಚ್ಚಲು ವಿಭೂತಿಗೆ ಕೈ ಹಾಕುವುದರೊಳಗೆ ಗದ್ದಲವೆದ್ದಿತು. ಹೆಣದ ವಿಭೂತಿ ಒರಿಸ್ಯಾಳ, ಸತ್ತಾಕಿನ್ನೂ ಬಿಡವಲ್ಲಳ! ಹೆಂಗಸರು ಬಂದು ಮೈಮೇಲೆ ಬಿದ್ದರು, ಸಿಟ್ಟಿಗೋ ಸಮಾಧಾನಕ್ಕೋ, ಅತ್ತುಬಿಡವ್ವ ಅತ್ತುಬಿಡು ಎಂದು ಅಪ್ಪಿ ಹಿಡಿದರು, ಬೆವರು, ಬಳೆಯ ಸದ್ದು, ಕಿವಿಯ ಹತ್ತಿರವೇ ರಾಗ ಎಳೆದು ಅಳುವ ಬಾಯಿ. ಬಿಡ್ರಿ ಎಂದಳು, ಬಿಡಲಿಲ್ಲ. ಆಮೇಲೆ ಕೂಗಿದ್ದು ತಾನೇ ಎಂದು ಅವಳಿಗೆ ಹೊರಗಿನಿಂದ ಕೇಳಿಸಿತು. ಯಾರದೋ ಕೈಗೆ ಹೊಡೆದಳು, ಕಂಬಕ್ಕೆ ಹಣೆ ಚಚ್ಚಿಕೊಂಡಳು. ಸಿದ್ದಲಿಂಗವ್ವ ಬರಿ ಹಣೆಯಲ್ಲಿ ಕೂತಿದ್ದಳು. ಆ ಬರಿ ಹಣೆ ಈಗಲೂ ಒಮ್ಮೊಮ್ಮೆ ಕಣ್ಣಿಗೆ ಕಟ್ಟುತ್ತದೆ, ಆಗ ವಿದ್ಯಾವತಿಗೆ ಯಾರೂ ಹೇಳಿಕೊಡದ ಅಳು ಬರುತ್ತದೆ.

ಆ ವಾರವೇ ಮಿರಜಕ್ಕೆ ಕರೆದುಕೊಂಡು ಹೋದರು. ಮಿರಜದ ಆ ದೊಡ್ಡ ಡಾಕ್ಟರು! ಗಡಿಯಾರ ಹೊಸದು, ಕೂದಲಿಗೆ ಬಣ್ಣ, ಮಾತಿನಲ್ಲಿ ದಯೆ. ಅವನು ಕೇಳಿದ್ದೆಲ್ಲ ಗಂಡನನ್ನು, ಮರಾಠಿಯಲ್ಲಿ. ಈಶ್ವರನೂ ದಾವೆ ಹೂಡುವವನಂತೆ ಒಂದೊಂದೇ ದೂರು ಇಟ್ಟ. ಯಾರು ಸತ್ತರೂ ಈಕೆಗೆ ಏನೂ ಅನ್ನಿಸುವುದಿಲ್ಲ ಸಾಹೇಬರ, ಕಣ್ಣೀರಿಲ್ಲ. ಒಮ್ಮೆಲೇ ಸಿಟ್ಟು, ಮೈಗೆ ಪೆಟ್ಟು ಮಾಡಿಕೊಳ್ಳುತ್ತಾಳೆ. ನಾನು ಹೊರಗೆ ಹೊರಟರೆ ಎಷ್ಟಕ್ಕೆ ಬರ್ತಿ, ಯಾವ ಬಸ್ಸಿಗೆ ಬರ್ತಿ ಎಂದು ಜೀವ ತಿನ್ನುತ್ತಾಳೆ. ಡಾಕ್ಟರು ಬಿಟ್ಟು ಹೋಗುವ ಭಯ ಎಂದ. ಬಿಟ್ಟು ಹೋದರೆ ಹೋಗಲಿ, ಯಾವ ಹೊತ್ತಿಗೆ ಎಂದು ಗೊತ್ತಿದ್ದರೆ ಸಾಕಾಗಿತ್ತು ಎಂದು ವಿದ್ಯಾವತಿ ಹೇಳಬೇಕೆಂದುಕೊಂಡಳು, ಯಾರೂ ಕೇಳಲಿಲ್ಲ. ಒಬ್ಬೊಬ್ಬರ ಮುಂದೆ ಒಬ್ಬೊಬ್ಬರ ಹಾಗೆ ನಗುತ್ತಾಳೆ ಸಾಹೇಬರ, ಪಕ್ಕದ ಮನೆಯಾಕೆಯ ನಗು ಹಾಗೇ ಎತ್ತಿಕೊಂಡಿದ್ದಾಳೆ. ಇವರಿಗೆ ತಮ್ಮದು ಎನ್ನುವ ಗುರುತೇ ಗಟ್ಟಿ ಇರುವುದಿಲ್ಲ ಎಂದ ಡಾಕ್ಟರು. ಕೊನೆಗೆ ಅವಳ ಕಡೆಗೆ ತಿರುಗಿ ಏನು ಅನ್ನಿಸುತ್ತದೆ ಎಂದು ಕೇಳಿದಾಗ ಅವಳು ವಿಭೂತಿಯಿಂದ ಸುರುಮಾಡಿ ಕ್ರಮವಾಗಿ ಹೇಳತೊಡಗಿದಳು. "ಥೋಡಕ್ಯಾತ್ ಸಾಂಗಾ," ಎಂದು ಗಡಿಯಾರ ನೋಡಿದ. ಚಿಕ್ಕದಾಗಿ ಹೇಳಬೇಕಂತೆ! ಅವಳು ಸುಮ್ಮನಾದಳು, ಅದನ್ನೂ ಅವನು ಬರೆದುಕೊಂಡ. ಬಾರ್ಡರ್‌ಲೈನ್ ಪರ್ಸನ್ಯಾಲಿಟಿ ಎಂದು ಹೇಳಿ, ಇದು ಸ್ವಭಾವದ ಕಾಯಿಲೆ, ಮನಸ್ಸು ಮಾಡಿದರೆ ರೂಢಿ ಆಗುತ್ತದೆ, ಗುಳಿಗೆ ತಪ್ಪಿಸಬೇಡಿ ಎಂದು ಕಳಿಸಿದ. ಬಸ್ಸಿನಲ್ಲಿ ಈಶ್ವರ ಗೆದ್ದವನಂತೆ ಕಿಟಕಿಯ ಪಕ್ಕ ಕೂತಿದ್ದ. ಊರಿಗೆ ಬರುವಷ್ಟರಲ್ಲಿ ಅದು ಬರೀ 'ಪರ್ಸನ್ಯಾಲಿಟಿ' ಆಯಿತು. ಈಶ್ವರನ ಹೆಂಡತಿಗೆ ಪರ್ಸನ್ಯಾಲಿಟಿ ಆಗೇದಂತ ಎಂದು ಸೊರಡಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಬಾರ್ಡರ್ ಅಂದ್ರ ಇನ್ನೂ ಪೂರಾ ಹುಚ್ಚ ಹಿಡದಿಲ್ಲ, ಗಡಿ ಮ್ಯಾಲ ಅದಾಳ ಎಂದು ಅಣ್ಣ ಅರ್ಥ ಬಿಡಿಸಿ ಎಲ್ಲರಿಗೂ ಧೈರ್ಯ ಹೇಳಿದ. ಗುಳಿಗೆಗೆ ಮೈ ಊದಿತು, ನಾಲಿಗೆ ದಪ್ಪವಾಯಿತು, ಲೋಟ ಹಿಡಿದರೆ ಕೈ ನಡುಗಿತು. ಕೂಗಾಟ ಕಮ್ಮಿಯಾದದ್ದನ್ನು ಗುಣ ಎಂದರು. ಕೊನೆಗೆ ಈಶ್ವರ ಅವಳನ್ನು ಸಂಖಕ್ಕೆ ತಂದು ಬಿಟ್ಟು, ಚಹಾ ಕುಡಿದು, ಎಲ್ಲರಿಗೂ ಬರ್ತೀನ್ರಿ ಎಂದು ಹೇಳಿ ಹೋದ, ಆಮೇಲೆ ಬರಲಿಲ್ಲ. ಆ ದಿನ ಮಾತ್ರ ಅವಳು ಎಷ್ಟಕ್ಕೆ ಬರ್ತಿ ಎಂದು ಕೇಳಿರಲಿಲ್ಲ.

ಹೊರಗೆ ಜೀಪು ನಿಂತ ಸದ್ದು. ಚಪ್ಪಲಿ ಬಿಡುವ ಸದ್ದು, "ಬರ್ರಿ ಬರ್ರಿ, ಒಳಗ ಬರ್ರಿ, ಕುಂದ್ರಿ," ಎಂದು ಅಣ್ಣನ ದನಿ. ಅಂಗಡಿಯಲ್ಲಿ ಸಾಲ ಕೇಳಲು ಬಂದವರಿಗೆ ಒಂದು ದನಿ, ಬೀಗರಿಗೆ ಒಂದು ದನಿ, ತಂಗಿಗೆ ಒಂದು ದನಿ. ಅವನಿಗೆ ಯಾವ ಡಾಕ್ಟರೂ ತಮ್ಮದು ಎನ್ನುವ ಗುರುತು ಗಟ್ಟಿ ಇಲ್ಲ ಎಂದು ಹೇಳಿಲ್ಲ. ಹಲ್ಲು ತೋರಿಸುವ ನೆಪ ಮಾಡಿಕೊಂಡು ವಿದ್ಯಾವತಿ ಈಚೆಗೆ ವಿಜಯಪುರಕ್ಕೆ ಹೋಗಿ ಬರುತ್ತಿದ್ದಳು, ಗುಳಿಗೆ ಬಿಡಿಸಿಕೊಳ್ಳಬಹುದೇ ಎಂದು ಕೇಳಲು. ಅಲ್ಲಿಯ ಹೆಣ್ಣು ಡಾಕ್ಟರು, ಎಲ್ಲರೂ ಡಾಕ್ಟರಬಾಯಿ ಎನ್ನುವವಳು, ಮೊದಲ ಸಲವೇ, "ಸಾವಕಾಶ ಹೇಳ್ರಿ, ಎಲ್ಲಿಂದ ಸುರು ಮಾಡ್ತೀರೋ ಮಾಡ್ರಿ," ಎಂದಾಗ ವಿದ್ಯಾವತಿಗೆ ಬಂದದ್ದು ತಿರಸ್ಕಾರವೇ. ಇವಳೂ ಗಡಿಯಾರ ನೋಡುತ್ತಾಳೆ ಎಂದು ಕಾದಳು. ನೋಡಲಿಲ್ಲ. ಸಣ್ಣಾಕಿದ್ದಾಗ ಏನ್ ಆಟ ಆಡ್ತಿದ್ರಿ ಎಂದು ಕೇಳಿದಳು. ಹುಣಸೆಬೀಜ ಸಾಲಾಗಿ ಇಡುತ್ತಿದ್ದೆ, ಯಾರಾದರೂ ತುಳಿದರೆ ಊಟ ಬಿಡುತ್ತಿದ್ದೆ ಎಂದು ಇವಳು ಹೇಳಿದಳು. ಯಾವ ಬಟ್ಟೆ ಚುಚ್ಚುತ್ತದೆ, ಯಾವ ಸದ್ದಿಗೆ ತಲೆ ಸಿಡಿಯುತ್ತದೆ, ನಗು ಎಲ್ಲಿಂದ ಕಲಿತಿರಿ? ವಿಭೂತಿಯ ಮಾತನ್ನು ಪೂರ್ತಿ ಕೇಳಿ, ಹಂಗಾದ್ರ ನೀವು ಆಕೀನ ಭಾಳ ಹಚ್ಚಿಕೊಂಡಿದ್ರಿ ಎಂದಳು. ಅಷ್ಟು ಸಣ್ಣ ಮಾತನ್ನು ಅಷ್ಟು ವರ್ಷದಲ್ಲಿ ಮೊದಲು ಆಡಿದವಳು ಆಕೆ. ಕೆಲವು ಸಲ ಕರೆಸಿ, ಏನೇನೋ ಪರೀಕ್ಷೆ ಮಾಡಿ ಹೇಳಿದಳು: "ಇದು ಆಟಿಸಂ ರೀ. ಹುಟ್ಟಿನಿಂದ ಬಂದದ್ದು. ನಿಮ್ಮ ಮಿದುಳು ಕೆಲಸ ಮಾಡೂ ರೀತಿನ ಬ್ಯಾರೆ. ಹೆಣ್ಣಮಕ್ಕಳು ಅದನ್ನ ಮುಚ್ಚಿಕೊಳ್ಳಾಕ ಕಲೀತಾರ, ಅದಕ್ಕ ನಮ್ಮ ಡಾಕ್ಟರಿಗೂ ಗೊತ್ತಾಗೂದಿಲ್ಲ. ಆ ಹಳೇ ಹೆಸರು ನಿಮಗ ತಪ್ಪಿ ಹಚ್ಚ್ಯಾರ." ತಪ್ಪಿ ಹಚ್ಚ್ಯಾರಂತೆ, ಬಾಗಿಲಿಗೆ ಬಣ್ಣ ತಪ್ಪಿ ಹಚ್ಚಿದವರ ಹಾಗೆ. ಸೊರಡಿಯ ವರ್ಷಗಳು, ಊದಿದ ಮೈ, ಈ ಗೊಬ್ಬರದ ಕೋಣೆ, ಎಲ್ಲ ತಪ್ಪಿ. ಸಿಟ್ಟು ಬಂತು, ಮಿರಜದವನ ಮೇಲೆ ಬರಬೇಕಾದದ್ದು ಎದುರಿಗೆ ಕೂತ ಈಕೆಯ ಮೇಲೆ ಬಂತು. ನಿಮ್ಮ ಮನ್ಯಾಗ ಮತ್ತ ಯಾರರ ಹಿಂಗ ಅದಾರೇನು ಎಂದು ಆಕೆ ಕೇಳಿದಾಗ ಆ ಸಿಟ್ಟು ಇದ್ದಕ್ಕಿದ್ದಂತೆ ಇಳಿದುಹೋಯಿತು. ಅಣ್ಣನ ಮಗಳು ಎಂದಳು. ಆಕೀನ್ನೂ ಒಮ್ಮೆ ಕರಕೊಂಡ ಬರ್ರಿ ಎಂದಳು ಡಾಕ್ಟರಬಾಯಿ.

ಅಣ್ಣನಿಗೆ ಅಂಗಡಿಯಲ್ಲೇ ಹೇಳಿದಳು, ಗಿರಾಕಿ ಇಲ್ಲದ ಹೊತ್ತಿನಲ್ಲಿ. ಅವನು ಕೇಳಿಸಿಕೊಂಡ, ಎದ್ದು ಅರ್ಧ ಬಾಗಿಲು ಎಳೆದ. "ಹುಟ್ಟಿನಿಂದ ಅಂದ್ರ ರಕ್ತದಾಗ ಬಂತು. ರಕ್ತದಾಗ ಅದ ಅಂದ್ರ ನನ್ನ ಮಗಳನ್ನ ಯಾರ ತಗೋತಾರ? ಮುಚ್ಚಂಡ್ಯಾವರು ಮನಿತನ ತಪಾಸ ಮಾಡಾಕ ಹತ್ಯಾರ. ಹಳೇದ ಇರಲಿ ವಿದ್ಯಾ. ಸ್ವಭಾವ ಅಂದ್ರ ಅದು ನಿಂದೊಬ್ಬಾಕೀದ." ಕಣ್ಣಲ್ಲಿ ನೀರು ತಂದುಕೊಂಡಿದ್ದ. ಈ ಬೆಳೆಗೆ ಈ ಗೊಬ್ಬರ, ಆ ಬೆಳೆಗೆ ಆ ಗೊಬ್ಬರ ಎಂದು ರೈತರಿಗೆ ಹೇಳಿ ರೂಢಿಯಾದವನು ತಂಗಿಗೂ ಒಂದು ರೋಗ ಆರಿಸಿ ಕೊಟ್ಟಿದ್ದ. ಖರೆ ಹೆಸರಿಗಿಂತ ಸುಳ್ಳು ಹೆಸರು ಮನೆಗೆ ಹೊಂದುತ್ತದೆ, ಅದು ಅವಳೊಬ್ಬಳನ್ನೇ ಸುಡುತ್ತದೆ, ಗೋಡೆಗೆ ಹತ್ತುವುದಿಲ್ಲ. "ಸೃಷ್ಟಿಗೆ ತಿಳಿಸಬ್ಯಾಡ, ನನ್ನ ಆಣಿ ಅದ," ಎಂದ. ಅವಳು ಆಣೆ ಇಡಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮರುದಿನವೇ ತಾಲೀಮು ಮುಂದುವರಿಸಿದಳು. ಅಣ್ಣನನ್ನು ಎಷ್ಟು ಕೀಳಾಗಿ ಕಂಡರೂ ಅವನು ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಕೊಟ್ಟಿದ್ದಳು.

ಪಡಸಾಲೆಯಲ್ಲಿ ಅವಲಕ್ಕಿಯಾಯಿತು, ಚಹಾ ಆಯಿತು. ಹುಡುಗಿಯ ಹೆಸರು, ಓದು, ಅಡುಗೆ ಕೇಳಿದ್ದಾಯಿತು. ಸೃಷ್ಟಿಯ ದನಿ ಕೇಳುತ್ತಿತ್ತು, ಏರಬೇಕಾದಲ್ಲಿ ಏರಿ ಇಳಿಯಬೇಕಾದಲ್ಲಿ ಇಳಿಯುತ್ತಿತ್ತು. ವಿದ್ಯಾವತಿ ಗೊಬ್ಬರದ ಚೀಲದ ಮೇಲೆ ತುಟಿ ಅಲ್ಲಾಡಿಸುತ್ತಾ ಅದರ ಸಂಗಡವೇ ಹೋಗುತ್ತಿದ್ದಳು. ಆಗ ಹುಡುಗನ ದೊಡ್ಡವ್ವ ಗೌರವ್ವ, ಆ ಮನೆಯಲ್ಲಿ ಅವಳ ಮಾತೇ ಕೊನೆ ಎಂದು ಮೊದಲೇ ಸುದ್ದಿಯಿತ್ತು, ದನಿ ಎತ್ತಿದಳು: "ಎಲ್ಲಾ ಚಲೋ ಅದ ಶಿವಶರಣಪ್ಪ. ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಂಗಿ ಎಲ್ಲಿ?"

"ಆಕಿಗೆ ಆರಾಮಿಲ್ರಿ, ಮಲಗ್ಯಾಳ."

"ಆರಾಮಿಲ್ಲದಾಕೀನ್ನೂ ನೋಡೇ ಹೋಗ್ತೀವಿ. ಕರೀರಿ."

ಕೊಂಡಿ ತೆರೆಯಿತು. ವೈನಿಯ ಮುಖದ ಪೌಡರು ಬೆವರಿಗೆ ಗೆರೆಗೆರೆಯಾಗಿತ್ತು. "ಸಿಟ್ಟಿನಾಕಿ ಅಂತ ಹೇಳೀವಿ," ಎಂದು ಪಿಸುಗುಟ್ಟಿದಳು. "ಸಿಟ್ಟಿನಾಕಿ ಹಂಗ ಇರು, ಸಾಕು. ಮತ್ತೇನೂ ಮಾತಾಡಬ್ಯಾಡ, ನಿನ್ನ ಕಾಲ ಬೀಳ್ತೀನಿ." ಸಿಟ್ಟಿನವಳ ಹಾಗೆ ಹೇಗಿರುವುದು, ಮೂಗು ಉಬ್ಬಿಸಬೇಕೋ? ಅದನ್ನೂ ಯಾರಿಂದಲಾದರೂ ಕಲಿತಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಾ ವಿದ್ಯಾವತಿ ಪಡಸಾಲೆಗೆ ಬಂದಳು. ಹುಡುಗ ಮಹಾಂತ ಮೊಬೈಲು ತಿರುವುತ್ತಿದ್ದ, ಅವನ ಅಪ್ಪ ತೂಕಡಿಸುತ್ತಿದ್ದ. ನೋಡಲು ಬಂದವರಲ್ಲಿ ನೋಡುತ್ತಿದ್ದವಳು ಗೌರವ್ವ ಒಬ್ಬಳೇ. ಮಣೆಯ ಮೇಲೆ ಸೃಷ್ಟಿ ಕೂತಿದ್ದಳು, ಗುರುತೇ ಸಿಗದಷ್ಟು ಚೆಂದವಾಗಿ. ಗೌರವ್ವನ ಹಣೆಯ ಮೇಲೆ ವಿಭೂತಿಯಿತ್ತು, ನಡುವಿನ ಗೆರೆ ಎಡಕ್ಕೆ ಇಳಿದಿತ್ತು. ವಿದ್ಯಾವತಿ ಬೇಡವೆಂದರೂ ಅದನ್ನೇ ನೋಡಿದಳು.

"ಸೊರಡ್ಯಾಗ ಹೆಣದ ಹಣಿಮ್ಯಾಲಿನ ವಿಭೂತಿ ಒರಿಸಿದಾಕಿ ನೀನ ಹೌದಲ್ಲ?"

"ಹೌದ್ರಿ."

"ಯಾಕವ್ವ ಯವ್ವಾ?"

"ಸೊಟ್ಟ ಇತ್ರಿ."

ಅಣ್ಣ ಕೆಮ್ಮಿದ. ಗೌರವ್ವ ಕೈ ತನ್ನ ಹಣೆಯ ಹತ್ತಿರ ಒಯ್ದು ಕೆಳಗೆ ಬಿಟ್ಟಳು. "ನೋಡ್ರಿ, ನಮ್ಮದು ದೊಡ್ಡ ಮನಿತನ. ಮುಂದ ಮಕ್ಕಳು ಮರಿ ಆಗೂವು. ಇದು ಏನ್ ಬ್ಯಾನಿ, ಎಲ್ಲಿಂದ ಬಂದದ್ದು, ನಿಮ್ಮ ಮನ್ಯಾಗ ಮತ್ತ ಯಾರಿಗರ ಅದನೋ, ಇವತ್ತ ಬಿಚ್ಚಿ ಹೇಳಿಬಿಡ್ರಿ." ಹೇಳು, ಎಂದು ವಿದ್ಯಾವತಿಯ ಒಳಗೆ ಯಾರೋ ನೂಕಿದರು. ಇಡೀ ಪಡಸಾಲೆಯಲ್ಲಿ ನೆಟ್ಟಗೆ ಪ್ರಶ್ನೆ ಕೇಳಿದವಳು ಈ ಮುದುಕಿ ಒಬ್ಬಳೇ, ಅವಳ ಮುಂದೆ ಸುಳ್ಳೇಕೆ? ಆದರೆ ಸೃಷ್ಟಿಗೆ ಹೇಳದ ಮಾತನ್ನು ಸೃಷ್ಟಿಯ ಎದುರಿಗೇ ಮಂದಿಗೆ ಹೇಳುವುದು ಎಂಥ ಧೈರ್ಯ? ಅಷ್ಟರಲ್ಲಿ ಮಣೆಯ ಮೇಲಿನಿಂದ ದನಿ ಬಂತು. ಮೊದಲು ತುಟಿ ಅರಳಿತು, ಆಮೇಲೆ ಕಣ್ಣು ಸಣ್ಣಗಾದವು. "ಬ್ಯಾನಿ ಏನಿಲ್ರಿ ದೊಡ್ಡವ್ವಾ. ನಮ್ಮ ಅತ್ತಿ ಸ್ವಭಾವ ಸ್ವಲ್ಪ ಸಿಟ್ಟಿಂದು, ಅಷ್ಟ. ನಮ್ಮ ಮನ್ಯಾಗ ಮತ್ತ ಯಾರೂ ಹಂಗಿಲ್ರಿ. ನೀವ ಬಿಸಲಾಗ ಬಂದು ಸುಸ್ತಾಗಿರಬೇಕು, ಇನ್ನೊಂದೀಟು ಚಾ ತರಲ್ಯಾ?"

ಗೌರವ್ವ ಕರಗಿ ಹೋದಳು. ಎಂಥಾ ಸೂಕ್ಷ್ಮ ಹುಡುಗಿ ಎಂದು ಎದ್ದು ಬಂದು ಎರಡೂ ಕೈಯಿಂದ ಅವಳ ಕೆನ್ನೆ ಸವರಿ ಬೆರಳನ್ನು ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು. ಆ ಕೈ ಕೆನ್ನೆಗೆ ತಾಗಿದಾಗ ಸೃಷ್ಟಿಯ ನಗು ಅಲುಗಲಿಲ್ಲ. ಸೆರಗಿನ ಕೆಳಗೆ ಹೆಬ್ಬೆರಳಿನ ಉಗುರು ತೋರುಬೆರಳಿನ ಮಾಂಸದಲ್ಲಿ ಹೂತಿದ್ದು ವಿದ್ಯಾವತಿಗೆ ಮಾತ್ರ ಕಂಡಿತು. ಆ ಮಾತನ್ನು ಅಣ್ಣ ಬಾಯಿಪಾಠ ಮಾಡಿಸಿರಬೇಕು. ಆದರೆ ನಗು ಅಣ್ಣನದಲ್ಲ. ಮನಿಷಾಬಾಯಿಯಿಂದ ಕದ್ದು, ಸೊರಡಿಯಲ್ಲಿ ಸವೆಸಿ, ಈ ಹುಡುಗಿಯ ಮುಖಕ್ಕೆ ತಂದು ಹೊಲಿದದ್ದು ವಿದ್ಯಾವತಿಯದೇ ಕೆಲಸ, ಒಂದು ಹೊಲಿಗೆಯೂ ತಪ್ಪಿರಲಿಲ್ಲ. ಮಿರಜದವನು ತಿಳಿಯದೆ ಮಾಡಿದ್ದ. ಇವಳು ಎಲ್ಲ ತಿಳಿದು ಮಾಡಿದ್ದಳು. ಇಷ್ಟು ಹೊತ್ತು ಊರಿನವರಿಗೆಲ್ಲ ಹಂಚಿದ ತಿರಸ್ಕಾರವೆಲ್ಲ ವಾಪಸು ಬಂದು ಅವಳ ಮಡಿಲಲ್ಲೇ ಬಿತ್ತು. "ಸೀರಿ ಕೊಡ್ರಿ," ಎಂದಳು ಗೌರವ್ವ, "ಉಟಗೊಂಡ ಬಾ ತಂಗಿ, ಉಡಿ ತುಂಬೇಬಿಡೂಣು." ವೈನಿ ಸಕ್ಕರೆ, ಕಾಯಿ ಎಂದು ಅಡುಗೆಮನೆಗೆ ಓಡಿದಳು. ಸೃಷ್ಟಿ ಹಸಿರು ಸೀರೆ ಎತ್ತಿಕೊಂಡು ವಿದ್ಯಾವತಿಯ ಹಿಂದೆ ಕೋಣೆಗೆ ಬಂದಳು.

ಬಂದವಳು ಚೀಲದ ಮೇಲೆ ಕುಸಿದು ಎರಡೂ ಕಿವಿ ಮುಚ್ಚಿಕೊಂಡು, ಮುಂದಕ್ಕೂ ಹಿಂದಕ್ಕೂ ತೂಗತೊಡಗಿದಳು. ವಿದ್ಯಾವತಿ ಮುಟ್ಟಲಿಲ್ಲ, ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಕೈ ಇಳಿಸಿದಳು.

"ಅತ್ತಿ, ಸರಿ ಬಂತು?"

"ನಗಿ ಚೂರು ಉದ್ದಾತು." ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು. ಸೃಷ್ಟಿ ತಿದ್ದಿಕೊಳ್ಳುವವಳಂತೆ ತಲೆಯಾಡಿಸಿದಳು. ತೊಡೆಯ ಮೇಲಿನ ಸೀರೆಯ ಜರಿಯನ್ನು ಬೆರಳಿನಿಂದ ಮುಟ್ಟಿ ಹಿಂತೆಗೆದಳು.

"ಇದನ್ನ ಎಷ್ಟ ದಿನಾ ಮಾಡಬೇಕು?"

ರೂಢಿ ಆಗ್ತದ. ಅವ್ವ ಹೇಳಿದ್ದಳು, ಗಂಡ ಹೇಳಿದ್ದ, ಡಾಕ್ಟರು ಹೇಳಿದ್ದ. ಆ ಮಾತು ವಿದ್ಯಾವತಿಯ ನಾಲಿಗೆಯ ಮೇಲೂ ತಯಾರಾಗಿ ಬಂದು ಕೂತಿತ್ತು. ಅದನ್ನು ನುಂಗಿದಳು. "ದಿನಾ ಮಾಡಬೇಕು. ರೂಢಿ ಆಗೂದಿಲ್ಲ. ನನಗ ಆಗಲಿಲ್ಲ," ಎಂದಳು. ಆಮೇಲೆ ಹೇಳಿದಳು, ವಿಜಯಪುರದ ಡಾಕ್ಟರಬಾಯಿ ಹೇಳಿದ್ದನ್ನು, ಆ ಹೆಸರನ್ನು, ಹುಟ್ಟಿನಿಂದ ಎಂಬುದನ್ನು, ಹೆಣ್ಣುಮಕ್ಕಳು ಮುಚ್ಚಿಕೊಳ್ಳುತ್ತಾರೆ ಎಂಬುದನ್ನು, ಅಣ್ಣ ಇಟ್ಟ ಆಣೆಯನ್ನು. ಚಿಕ್ಕದಾಗಿ ಹೇಳಲಿಲ್ಲ. ಸೃಷ್ಟಿ ಗೋಡೆ ನೋಡುತ್ತಾ ಕೇಳಿದಳು.

"ನನಗೂ ಅದ?"

"ಡಾಕ್ಟರ್ ನೋಡದ ಹೇಳಾಕ ಬರೂದಿಲ್ಲ. ನನಗ ಹಂಗ ಅನಸ್ತದ."

"ಅಂದ್ರ ನಾ ಈಗ ಎರಡು ಸುಳ್ಳ ಹೇಳಿದೆ. ನಿಂದು ಸಿಟ್ಟಿನ ಸ್ವಭಾವ ಅಂದೆ, ಅದೊಂದು. ಮತ್ತ ಯಾರೂ ಹಂಗಿಲ್ಲ ಅಂದೆ, ಅದೊಂದು." ಅವಳ ದನಿ ಮತ್ತೆ ಒಂದೇ ಸಮ ಆಗಿತ್ತು, ಏರು ಇಳಿತ ಇಲ್ಲದ ಅವಳದೇ ದನಿ. "ನನಗ ಮೊದಲ ಯಾಕ ಹೇಳಲಿಲ್ಲ ಅತ್ತಿ?"

"ಅಂಜಿದ್ನಿ."

"ಯಾರಿಗೆ?"

ಯಾರಿಗೆಂದು ಹೇಳುವುದು? ಪೌಡರಿನ ಡಬ್ಬಿಗೆ, ಅಣ್ಣನ ಕಣ್ಣೀರಿಗೆ, ಊಟ ಹಾಕುವ ಮನೆಗೆ. "ಎಲ್ಲಾರಿಗೂ," ಎಂದಳು ವಿದ್ಯಾವತಿ, ಕಣ್ಣು ತುಂಬಿ ಬಂತು. ಹುಡುಗಿ ಆ ಮಾತನ್ನು ಲಕ್ಷ್ಯಗೊಟ್ಟು ಕೇಳಿಸಿಕೊಂಡಳು. ಹೊರಗಿನಿಂದ ಅಣ್ಣ ಕೂಗಿದ: "ಸೃಷ್ಟಿ, ಲಗೂನ ಬಾರವ್ವ, ದೊಡ್ಡವ್ವಾರು ಕಾಯಾಕ ಹತ್ಯಾರ!" ಅಡುಗೆಮನೆಯಿಂದ ವೈನಿಯ ಬಳೆಯ ಸದ್ದು ಹತ್ತಿರ ಬರತೊಡಗಿತು. ಸೃಷ್ಟಿ ಹಸಿರು ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಪಕ್ಕದ ಚೀಲದ ಮೇಲೆ ಇಟ್ಟಳು.

"ಉಡೂದಿಲ್ಲ," ಎಂದಳು. "ನಾ ಮೊದಲ ವಿಜಯಪುರಕ್ಕ ಹೋಗಬೇಕು."

ವಿದ್ಯಾವತಿ ಎದ್ದಳು. ತುಕ್ಕು ಹಿಡಿದ ಚಿಲಕ ಮೊದಲು ಜಗ್ಗಲಿಲ್ಲ, ಎರಡೂ ಕೈ ಹಾಕಿ ದೂಡಿದಾಗ ಕಿರ್ರೆಂದು ಸರಿದು ಬಿತ್ತು. ಹೊರಗೆ ಬಳೆಯ ಸದ್ದು ನಿಂತಿತು. ಬಾಗಿಲು ಒಮ್ಮೆ ಅಲುಗಿತು, ಮತ್ತೊಮ್ಮೆ ಅಲುಗಿತು.

"ವಿದ್ಯಾ, ಬಾಗಲಾ ಯಾಕ ಹಾಕೊಂಡಿ? ಏ ವಿದ್ಯಾ!"

ವಿದ್ಯಾವತಿ ಕಿಟಕಿಯಾಚೆಯ ಬೇವಿನ ಗಿಡವನ್ನು ನೋಡಿದಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಗಾಳಿಗೆ ಬಡಕೋತದ ವೈನಿ, ಅದಕ್ಕ ಹಾಕೀನಿ," ಎಂದಳು. "ಮತ್ತೇನ ತಿಳಕೋಬ್ಯಾಡ್ರಿ."